ಹೆಸರು ನಮ್ಮದು, ಡೊಮೇನ್ ಇನ್ನಾರದೋ

ಮಾನ್ಯರೇ,

ಡೊಮೇನ್ ಹೆಸರು ಮಾರುವವರು, ಅದಕ್ಕೆ ನಿಯಮ ಬರೆಯುವವರು, ಮೇಲ್ವಿಚಾರಣೆಯ ಹೊಣೆ ಹೊತ್ತವರು ಎಲ್ಲರಿಗೂ ಸೇರಿಸಿ ಈ ಪತ್ರ. ದುಡಿದು ಗಳಿಸಿದ ಹೆಸರನ್ನು ಅಂತರ್ಜಾಲದಲ್ಲಿ ಕಳೆದುಕೊಂಡ ಸಣ್ಣ ವ್ಯಾಪಾರಿಗಳ ಪರವಾಗಿ ಬರೆಯುತ್ತಿದ್ದೇನೆ.

ಚನ್ನಪಟ್ಟಣದಲ್ಲಿ ಬೊಂಬೆ ಮಾರುವವರಿರಲಿ, ಇಳಕಲ್ಲಿನ ಸೀರೆ ಅಂಗಡಿಯವರಿರಲಿ, ಮನೆಯಲ್ಲೇ ಚಟ್ನಿಪುಡಿ ಮಾಡಿ ಊರೂರಿಗೆ ಕಳಿಸುವ ಹೆಂಗಸರಿರಲಿ, ಈ ಭಯ ಎಲ್ಲರಿಗೂ ಇದೆ. ಯಾರೋ ನಮ್ಮ ಹೆಸರಿಗೆ ಒಂದಕ್ಷರ ಸೇರಿಸಿ, ಇಲ್ಲವೇ ನಡುವೆ ಅಡ್ಡಗೆರೆ ಹಾಕಿ ಡೊಮೇನ್ ಕೊಳ್ಳುತ್ತಾರೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು, ಅಷ್ಟೇ. ಮೊದಲು ಬಂದವರಿಗೆ ಕೊಟ್ಟುಬಿಡುವುದು ನಿಮ್ಮ ಪದ್ಧತಿ. ಅದು ಯಾರ ಟ್ರೇಡ್‌ಮಾರ್ಕ್ ಎಂದು ಮಾರುವಾಗ ಯಾರೂ ನೋಡುವುದಿಲ್ಲ.

ಆ ಡೊಮೇನಿನಲ್ಲಿ ತೆರೆದ ನಕಲಿ ತಾಣದಲ್ಲಿ ಹಣ ಕಟ್ಟಿದ ಗಿರಾಕಿಗೆ ಸರಕು ಬರುವುದಿಲ್ಲ. ಅವರು ಬೈಯುವುದು ಅಸಲಿ ಅಂಗಡಿಯವರನ್ನು. ಡೀಲರ್‌ಶಿಪ್ ಕೊಡುತ್ತೇವೆಂಬ ನಕಲಿ ತಾಣ ನಂಬಿ ಕೂಡಿಟ್ಟ ದುಡ್ಡು ಕಳೆದುಕೊಂಡವರೂ ಇದ್ದಾರೆ.

ಕಾನೂನು ಇಲ್ಲವೆಂದಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆ 2003ರಿಂದ ಜಾರಿಯಲ್ಲಿದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಉಂಟೆಂದು ದೇಶದ ಅತ್ಯುನ್ನತ ನ್ಯಾಯಪೀಠ 2004ರಲ್ಲೇ ಹೇಳಿತು. ನೋಂದಣಿಯಾಗದ ಹೆಸರಾದರೂ ಜನ ಅದನ್ನು ಗುರುತಿಸುತ್ತಿದ್ದರೆ ‘ಪಾಸಿಂಗ್ ಆಫ್’ (ಬೇರೆಯವರ ಹೆಸರಿನಲ್ಲಿ ಸರಕು ಮಾರುವ ವಂಚನೆ) ದಾವೆ ಹೂಡಬಹುದು. ಹಕ್ಕು ಸಿಕ್ಕಿ ಎರಡು ದಶಕ ಕಳೆಯಿತು. ಅದನ್ನು ಚಲಾಯಿಸುವ ದಾರಿ ಮಾತ್ರ ಸಣ್ಣವರ ಕೈಗೆ ಇನ್ನೂ ಎಟುಕಿಲ್ಲ.

‘.ಕಾಂ’ ಹೆಸರುಗಳ ವ್ಯಾಜ್ಯಕ್ಕೆ 1999ರಿಂದ ಅಂತಾರಾಷ್ಟ್ರೀಯ ನಿಯಮವಿದೆ. ಹೆಸರು ನಮ್ಮದನ್ನು ಹೋಲುತ್ತದೆ, ಎದುರಾಳಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದಲೇ ಕೊಂಡು ಬಳಸುತ್ತಿದ್ದಾನೆ, ಈ ಮೂರನ್ನೂ ದೂರು ಕೊಟ್ಟವರೇ ಸಾಬೀತು ಮಾಡಬೇಕು. ಇಂಥ ದೂರು ಕೇಳುವ ಪ್ರಮುಖ ಕೇಂದ್ರವೊಂದರಲ್ಲಿ ಒಬ್ಬ ತೀರ್ಪುಗಾರರ ಮುಂದೆ ಹೋಗುವ ಶುಲ್ಕ 1,500 ಡಾಲರ್, ಅಂದರೆ ಲಕ್ಷ ರೂಪಾಯಿಗೂ ಮೇಲೆ. ವಕೀಲರ ಫೀಸು ಬೇರೆ. ಗೆದ್ದರೆ ಹೆಸರು ವಾಪಸು ಬರುತ್ತದೆ, ಇಲ್ಲವೇ ರದ್ದಾಗುತ್ತದೆ. ನಷ್ಟಕ್ಕೆ ಬಿಡಿಗಾಸೂ ಇಲ್ಲ. ಅದೇ ವಂಚಕ ಮರುದಿನ ಇನ್ನೊಂದಕ್ಷರ ಬದಲಿಸಿ ಹೊಸ ಡೊಮೇನ್ ಕೊಂಡರೆ ಮತ್ತೆ ಮೊದಲಿನಿಂದ ಶುರು.

ಕೋರ್ಟಿಗೆ ಹೋಗೋಣವೆಂದರೆ ಯಾರ ಮೇಲೆ ಹೋಗುವುದು? 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಡೊಮೇನ್ ಕೊಂಡವರ ಹೆಸರು, ವಿಳಾಸಗಳು ಬಹುಪಾಲು ಮರೆಯಾಗಿವೆ. ಸಾಮಾನ್ಯರ ಖಾಸಗಿತನ ಕಾಯಲೇಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ದಾಖಲೆ ಲಗತ್ತಿಸಿ ವಂಚಕನ ಗುರುತು ಕೇಳಿದವರಿಗೂ ಯಂತ್ರ ಕಳಿಸಿದ ಸ್ವೀಕೃತಿಯೇ ಕೊನೆಯ ಉತ್ತರವಾಗುವುದು ಯಾವ ನ್ಯಾಯ? ನೆನಪೋಲೆ ಬರೆದರೆ ಇನ್ನೊಂದು ಸ್ವೀಕೃತಿ. ನೀವು ಸುಮ್ಮನಿರುವಷ್ಟೂ ದಿನ ಅಲ್ಲಿ ಗಿರಾಕಿಗಳು ಮೋಸಹೋಗುತ್ತಲೇ ಇರುತ್ತಾರೆ. ನವೀಕರಣದ ದುಡ್ಡು ಮಾತ್ರ ವಂಚಕನಿಂದ ನಿಮಗೆ ತಪ್ಪದೆ ಸಂದಾಯವಾಗುತ್ತದೆ.

ಕನ್ನಡ ಲಿಪಿಯಲ್ಲೇ ‘.ಭಾರತ’ ವಿಳಾಸ ಕೊಳ್ಳಿರೆಂದು ನಮ್ಮನ್ನು ಕರೆಯುತ್ತೀರಿ. ಸಂತೋಷ. ಆದರೆ ಅದರ ಬಗ್ಗೆ ವ್ಯಾಜ್ಯ ಬಂದರೆ ವಿಚಾರಣೆ ಇಂಗ್ಲಿಷಿನಲ್ಲಿ. ಮಾರಲು ಬೇಕಾದ ಕನ್ನಡ ದೂರು ಕೇಳಲು ಏಕೆ ಬೇಡ?

ಟ್ರೇಡ್‌ಮಾರ್ಕ್ ಅರ್ಜಿಗೆ ಆನ್‌ಲೈನಿನಲ್ಲಿ ದೊಡ್ಡ ಕಂಪನಿ 9,000 ರೂಪಾಯಿ ಕಟ್ಟಿದರೆ ಸಣ್ಣ ಉದ್ದಿಮೆ 4,500 ಕಟ್ಟಿದರೆ ಸಾಕು. ಆ ರಿಯಾಯಿತಿ ಡೊಮೇನ್ ವ್ಯಾಜ್ಯದಲ್ಲೂ ಸಿಗಲಿ. ಹಣ ವಸೂಲಿ ಮಾಡುತ್ತಿರುವ ನಕಲಿ ತಾಣದ ಬಗ್ಗೆ ಪುರಾವೆ ಸಹಿತ ದೂರು ಬಂದರೆ, ವಿಚಾರಣೆ ಮುಗಿಯುವ ತನಕ ಅದನ್ನು ತಡೆಹಿಡಿಯಿರಿ. ಎದುರಿನವರ ಮಾತನ್ನೂ ಕೇಳಿ, ಬೇಡವೆನ್ನುವುದಿಲ್ಲ.

ಇದೇ ಕಷ್ಟ ಉಂಡ ಓದುಗರೇ, ದೂರಿನ ಪ್ರತಿ, ಗಿರಾಕಿಗಳ ರಸೀದಿ, ನಕಲಿ ತಾಣದ ಚಿತ್ರ ಎಲ್ಲವನ್ನೂ ದಿನಾಂಕ ಸಹಿತ ತೆಗೆದಿಡಿ. ನೀವೂ ಬರೆಯಿರಿ.

ಮಾನ್ಯರೇ, ಈ ಪತ್ರಕ್ಕೆ ಸ್ವೀಕೃತಿ ಬೇಡ. ಹೆಸರು ಹಾಕಿ ಸಹಿ ಮಾಡಿದ ಉತ್ತರ ಬೇಕು, ಕನ್ನಡದಲ್ಲಿ.

ಇಂತಿ,
ನೊಂದ ವ್ಯಾಪಾರಿಗಳ ಪರವಾಗಿ ಒಬ್ಬ ಓದುಗ