ಬೆರಳ ತುದಿಯ ಗೆಳೆತನ

ನಮ್ಮ ಕಕ್ಕಿಂಜೆಯ ಪೇಟೆಯಲ್ಲಿ, ಚಾರ್ಮಾಡಿ ಘಾಟಿಗೆ ಏರುವ ಹೆದ್ದಾರಿಯ ಬದಿಗೆ, ಒಂದು ಜಿನಸಿನ ಅಂಗಡಿಯುಂಟು. ಅಂಗಡಿಯ ಮುಂದೆ ಒಂದು ಉದ್ದನೆಯ ಬೆಂಚು. ಕಳೆದ ವಾರ ಆ ಬೆಂಚಿನ ಮೇಲೆ ನಾವು ನಾಲ್ವರು ಕುಳಿತಿದ್ದೆವು. ನಾಲ್ವರಲ್ಲಿ ಮೂವರು ತಲೆ ತಗ್ಗಿಸಿದ್ದರು. ನಾಚಿಕೆಯಿಂದಲ್ಲ, ಮೊಬೈಲಿನಿಂದ. ನಾಲ್ಕನೆಯವರಾದ ನಿವೃತ್ತ ಮಾಷ್ಟ್ರು ನನ್ನತ್ತ ತಿರುಗಿ, "ನಿಮ್ಮ ಕಾಲೇಜಿನ ಮಕ್ಕಳನ್ನು ಈ ವಾಟ್ಸಾಪು, ಇನ್‌ಸ್ಟಾಗ್ರಾಮು ಎಂಬ ಮಾರಿಗಳು ತಿಂದುಹಾಕಿದುವಲ್ಲ ಮಾರಾಯರೆ!" ಎಂದು ನಿಟ್ಟುಸಿರಿಟ್ಟರು. ತಲೆ ತಗ್ಗಿಸಿದ್ದ ಮೂವರಲ್ಲಿ ನಾನೂ ಒಬ್ಬ. ನಮ್ಮಲ್ಲಿ ಒಬ್ಬನಾದರೂ ನಲವತ್ತರ ಕೆಳಗಿನವನಿರಲಿಲ್ಲ. ಇನ್ನು ನಿಟ್ಟುಸಿರಿಟ್ಟ ಮಾಷ್ಟ್ರೋ, ದಿನಾ ಮುಂಜಾನೆ ಐದೂವರೆಗೆ ಗುಲಾಬಿ ಹೂವಿನ ಚಿತ್ರದೊಡನೆ ಊರಿಗೆಲ್ಲ ಸುಪ್ರಭಾತ ಹಂಚುವ ಪುಣ್ಯಾತ್ಮರು!

ಆದುದರಿಂದ ವಾಚಕ ಮಹಾಶಯರೆ, ಮೊದಲಿಗೆ ಅಪರಾಧಿಯನ್ನು ಸರಿಯಾಗಿ ಗುರುತಿಸೋಣ. ಮಕ್ಕಳನ್ನು ಬಯ್ಯುವುದು ಸುಲಭ. ಅವರು ತಿರುಗಿ ಬಯ್ಯುವುದಿಲ್ಲ, ಬಯ್ದರೂ ನಮಗೆ ತಿಳಿಯದ ಭಾಷೆಯಲ್ಲಿ ಬಯ್ಯುತ್ತಾರೆ. ನಾನು ಇಪ್ಪತ್ತು ವರ್ಷಗಳಿಂದ ಅವರ ನಡುವೆ ಇರುವವನು. ಸಾಮಾಜಿಕ ಜಾಲತಾಣಗಳನ್ನು ಅವರು ಆಟದ ಸಾಮಾನೆಂದು ಬಲ್ಲರು. ನಾವು ಅವನ್ನು ವೇದವಾಕ್ಯವೆಂದು ನಂಬುತ್ತೇವೆ. ಈ ಎರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ?

ಮನರಂಜನೆಯ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯವರಿಗೆ ಮನರಂಜನೆಯೆಂದರೆ ಆಟ, ಆಟವೆಂದರೆ ಯಕ್ಷಗಾನ. ಹರಕೆಯ ಬಯಲಾಟಕ್ಕೆ ಚಾಪೆ ಸುತ್ತಿಕೊಂಡು ಹೋಗಿ, ಚರುಮುರಿ ತಿಂದು, ಅರ್ಧ ನಿದ್ದೆ ಮಾಡಿ, ಚೆಂಡೆಯ ಪೆಟ್ಟಿಗೆ ಎದ್ದು ಕುಳಿತು ನೋಡಿದವರು ನಾವು. ಈಗ ಅದು ಮೊಬೈಲಿಗೆ ಬಂದಿದೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಮೇಳಗಳ ತಿರುಗಾಟ ನಿಂತಾಗ ಕಲಾವಿದರನ್ನೂ ಪ್ರೇಕ್ಷಕರನ್ನೂ ಒಂದಿಷ್ಟಾದರೂ ಕೂಡಿಸಿದ್ದು ಇದೇ ಯೂಟ್ಯೂಬು. ಆ ಉಪಕಾರವನ್ನು ಮರೆಯುವ ಕೃತಘ್ನ ನಾನಲ್ಲ. ನನ್ನ ತಕರಾರು ಪೂರ್ತಿ ಆಟವನ್ನು ತೋರಿಸುವವರ ಮೇಲಲ್ಲ, ತುಂಡರಿಸಿ ಹಂಚುವವರ ಮೇಲೆ.

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಬಪ್ಪ ಎಂಬ ಬ್ಯಾರಿ ವರ್ತಕನ ಹಡಗು ನದಿಯಲ್ಲಿ ನಿಂತುಬಿಟ್ಟಿತು; ದೇವಿ ಅವನಿಗೆ ಕನಸಿನಲ್ಲಿ ಕಾಣಿಸಿಕೊಂಡಳು; ಅವನು ಗುಡಿ ಕಟ್ಟಿಸಲು ಕಾರಣನಾದ—ಇದು ಐತಿಹ್ಯ. ಯಕ್ಷಗಾನದಲ್ಲಿ ಈ ಬಪ್ಪ ಬ್ಯಾರಿ ಬಂದಾಗ ಪ್ರೇಕ್ಷಕರು ಮೊದಲು ನಗುತ್ತಾರೆ, ಅವನ ಮಾತಿನ ಧಾಟಿಗೆ. ರಾತ್ರಿ ಕಳೆದಂತೆ ನಗೆ ಇಳಿಯುತ್ತದೆ. ಬೆಳಗಿನ ಹೊತ್ತಿಗೆ ಅದೇ ಪಾತ್ರದ ಮುಂದೆ ಅಜ್ಜಿಯಂದಿರು ಕೈಮುಗಿಯುತ್ತಾರೆ. ನಗುವಿನಿಂದ ಕೈಮುಗಿಯುವವರೆಗಿನ ಆ ದಾರಿಗೆ ಒಂದು ರಾತ್ರಿ ಬೇಕು. ಮೊನ್ನೆ ನನ್ನ ಮೊಬೈಲಿಗೆ ಬಂದ ತುಣುಕು ನಲವತ್ತು ಸೆಕೆಂಡಿನದು. ಅದರಲ್ಲಿ ಬ್ಯಾರಿಯ ಮಾತಿನ ಧಾಟಿ ಇತ್ತು, ನಗೆ ಇತ್ತು. ಹಡಗಿರಲಿಲ್ಲ, ಕನಸಿರಲಿಲ್ಲ, ದೇವಿಯಿರಲಿಲ್ಲ. ಕೆಳಗೆ ಬರೆದ ಅಭಿಪ್ರಾಯಗಳನ್ನು ಇಲ್ಲಿ ಅಚ್ಚುಮಾಡುವ ಹಾಗಿಲ್ಲ.

ಕೊಳ್ಳುವ ವಿಚಾರ. ಮನೆಬಾಗಿಲಿಗೆ ಪೊಟ್ಟಣ ತರುವ ವ್ಯಾಪಾರವನ್ನು ಹಳಿಯುವವರ ಸಾಲಿಗೆ ನಾನು ಸೇರಲಾರೆ. ಮಂಗಳೂರಿಗೆ ಹೋಗದೆ ಪುಸ್ತಕ ಸಿಗುವುದು ನನ್ನಂಥವನಿಗೆ ಸಣ್ಣ ಸಂಗತಿಯಲ್ಲ. ಅಡಿಕೆ ಬೆಳೆಗಾರ ಕ್ಯಾಂಪ್ಕೋದ ಇಂದಿನ ದರವೇನೆಂದು ಅಂಗಳದಲ್ಲಿ ನಿಂತೇ ತಿಳಿಯುತ್ತಾನೆ, ಮಧ್ಯವರ್ತಿಯ ಮಾತಿಗೆ ಬಲಿಯಾಗುವುದಿಲ್ಲ. ಒಳ್ಳೆಯದೆ. ಆದರೆ 2019ರ ಆಗಸ್ಟನ್ನು ನಾವು ಮರೆಯಬಾರದು. ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ರಸ್ತೆ ಮುಚ್ಚಿತು. ಮೃತ್ಯುಂಜಯ ಹೊಳೆ ದಡ ಮೀರಿ ತೋಟಗಳಿಗೆ ನುಗ್ಗಿತು. ನಮ್ಮ ಮನೆಯಲ್ಲಿ ವಿದ್ಯುತ್ತಿಲ್ಲ, ಮೊಬೈಲಿಗೆ ಜೀವವಿಲ್ಲ. ಆಗ ಇದೇ ಬೆಂಚಿನ ಹಿಂದಿನ ಅಂಗಡಿಯ ಬ್ಯಾರಿಗಳು ಮಳೆಯಲ್ಲಿ ಅರ್ಧ ಬಾಗಿಲು ತೆರೆದು ಕುಚ್ಚಲಕ್ಕಿ, ಮೊಂಬತ್ತಿ, ಬೆಂಕಿಪೆಟ್ಟಿಗೆ ಕೊಟ್ಟರು. ಕೈಯಲ್ಲಿ ಕಾಸಿದೆಯೇ ಎಂದು ಕೇಳಲಿಲ್ಲ. ಸಾಲದ ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಕೆಲವರ ಹೆಸರನ್ನು ಬರೆಯಲು 'ಮರೆತರು' ಎಂಬುದು ಅನಂತರ ನನಗೆ ತಿಳಿಯಿತು. ಯಾವ ಜಾಲತಾಣದಲ್ಲಿ ಇಂಥ ಮರೆವು ದೊರೆತೀತು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಓದಿದ ನಮ್ಮದೊಂದು ವಾಟ್ಸಾಪು ಗುಂಪುಂಟು; ಅರುವತ್ತಮೂರು ಮಂದಿ. ಕಳೆದ ತಿಂಗಳು ಅದರಲ್ಲೊಂದು ಸಂದೇಶ ಬಂತು: ಇಂಥ ಮತದವರ ಅಂಗಡಿಯಲ್ಲಿ ಏನನ್ನೂ ಕೊಳ್ಳಬೇಡಿ, ಹತ್ತು ಮಂದಿಗೆ ಕಳುಹಿಸಿ. ಕಳುಹಿಸಿದವನು ನನ್ನ ಆಪ್ತ ಗೆಳೆಯ. ಅವನ ಮನೆಗೂ ಆ ಮಳೆಯ ದಿನಗಳಲ್ಲಿ ಅಕ್ಕಿ ಹೋದದ್ದು ಅದೇ ಅಂಗಡಿಯಿಂದ. ಗುಂಪಿನಲ್ಲಿ ಹತ್ತು ಮಂದಿ ಹೆಬ್ಬೆರಳೆತ್ತಿದರು. ನಮ್ಮೊಡನೆ ಓದಿದ ಬ್ಯಾರಿ ಗೆಳೆಯರು ಮೂವರು ಒಂದಕ್ಷರವನ್ನೂ ಬರೆಯದೆ ಗುಂಪು ಬಿಟ್ಟುಹೋದರು. ಉಳಿದ ನಾವೆಲ್ಲ, ನಾನೂ ಸೇರಿ, ಸುಮ್ಮನಿದ್ದೆವು. ಮರುದಿನ ಬೆಳಗ್ಗೆ ಯಥಾಪ್ರಕಾರ ಗುಲಾಬಿ ಹೂ ಬಂತು.

ಇದು ಬರಿಯ ಮಾತು, ಇದರಿಂದ ಏನಾದೀತು ಎನ್ನುವಿರಾ? 2022ರ ಮಾರ್ಚಿನಲ್ಲಿ ಬಪ್ಪನಾಡಿನ ಜಾತ್ರೆಯ ಹೊತ್ತಿಗೆ—ಹೌದು, ಅದೇ ಬಪ್ಪ ಬ್ಯಾರಿಯ ಬಪ್ಪನಾಡು—ಮುಸ್ಲಿಮ್ ವ್ಯಾಪಾರಿಗಳು ಬರಕೂಡದೆಂಬ ಫಲಕವನ್ನು ಯಾರೋ ಕಟ್ಟಿದರು. ಕಾಪುವಿನ ಮಾರಿಗುಡಿಯಲ್ಲೂ ಅದೇ ವಿವಾದ. ಫಲಕ ಕಟ್ಟಿದ ಜಾಗದಲ್ಲಿ ಅದನ್ನು ಓದಿದವರು ಕೆಲವರು. ಅದರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ಜಿಲ್ಲೆ ಜಿಲ್ಲೆಯನ್ನು ಮುಟ್ಟಿತು. ಬಳೆ, ಬಲೂನು, ಐಸ್‌ಕ್ರೀಮು ಮಾರುವವನಿಗೆ ವರ್ಷದ ದುಡಿಮೆಯೆಂದರೆ ಜಾತ್ರೆಯ ಕೆಲವೇ ದಿನಗಳು. ಇನ್ನೂ ಕ್ರೂರವಾದುದನ್ನು 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಕಂಡೆವು: ಮಕ್ಕಳಿಗೆ ಚಾಕಲೇಟು ಕೊಟ್ಟ ತಪ್ಪಿಗೆ, ಮಕ್ಕಳ ಕಳ್ಳರೆಂಬ ವಾಟ್ಸಾಪು ವದಂತಿಯನ್ನು ನಂಬಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಜನ ಬಡಿದು ಕೊಂದರು. ಅಂಥ ಕೊಲೆಗಳು ದೇಶದಲ್ಲಿ ಹಲವು ನಡೆದ ಮೇಲೆಯೇ, ಆ ತಿಂಗಳು, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ವಾಟ್ಸಾಪು ಭಾರತದಲ್ಲಿ ತಂದದ್ದು.

"ಚೂರಿಯಿಂದ ಹಣ್ಣನ್ನೂ ಕೊಯ್ಯಬಹುದು, ಕತ್ತನ್ನೂ ಕೊಯ್ಯಬಹುದು, ಸಾಧನದ ತಪ್ಪೇನು?" ಎಂಬ ವಾದ ನನಗೆ ಗೊತ್ತು. ನನ್ನ ವಿದ್ಯಾರ್ಥಿಗಳೇ ಪ್ರಬಂಧಗಳಲ್ಲಿ ಬರೆಯುತ್ತಾರೆ, ನಾನು ಅರ್ಧ ಅಂಕ ಕಡಿಮೆ ಮಾಡುತ್ತೇನೆ. ಚೂರಿ ಮಾರಿದ ಕಮ್ಮಾರ ನಾನು ಎಷ್ಟು ಹೊತ್ತು ಕೊಯ್ದೆನೆಂದು ಎಣಿಸುತ್ತ ಕೂರುವುದಿಲ್ಲ. ಹೆಚ್ಚು ಕೊಯ್ದರೆ ಅವನಿಗೆ ಹೆಚ್ಚು ಲಾಭವೂ ಇಲ್ಲ. 2014ರಲ್ಲಿ ಫೇಸ್‌ಬುಕ್ಕು ಸುಮಾರು 55 ನೌಕರರಿದ್ದ ವಾಟ್ಸಾಪನ್ನು 19 ಶತಕೋಟಿ ಡಾಲರಿಗೆ ಕೊಂಡದ್ದು ನಮ್ಮ ಸುಪ್ರಭಾತಗಳ ಮೇಲಿನ ಪ್ರೀತಿಯಿಂದಲ್ಲ. ಆ ಸಂಸ್ಥೆಯ ಆದಾಯದ ಬಹುಪಾಲು ಜಾಹೀರಾತಿನಿಂದ ಬರುವುದು. ಜಾಹೀರಾತಿಗೆ ಬೇಕಾದುದು ನಮ್ಮ ಕಣ್ಣು. ಶಾಂತವಾಗಿರುವವನು ಮೊಬೈಲನ್ನು ಕೆಳಗಿಡುತ್ತಾನೆ, ಸಿಟ್ಟುಗೊಂಡವನು ಇಡುವುದಿಲ್ಲ. ಇಷ್ಟನ್ನು ಅರಿಯಲು ಎಂ.ಎ. ಪದವಿ ಬೇಕಾಗಿಲ್ಲ.

ಇಷ್ಟಾದರೂ ಹೊಣೆ ಬೆರಳಿನದೇ. ಬೆಂಚಿನ ಪಟ್ಟಾಂಗದಲ್ಲಿ ಜಗಳವಾಡಿದವರು ನಾವು ಕಡಿಮೆಯೇ? ಆದರೆ ಅಲ್ಲಿ ಹೇಳುವವನು ಕೇಳುವವನ ಮುಖ ನೋಡಬೇಕಿತ್ತು. ಬ್ಯಾರಿಗಳು ಅಕ್ಕಿ ತೂಗುತ್ತಿರುವಾಗ, ಅವರ ಎದುರಿಗೆ, ಇವರಲ್ಲಿ ಕೊಳ್ಳಬೇಡಿ ಎನ್ನುವ ಎದೆಗಾರಿಕೆ ನನ್ನ ಗೆಳೆಯನಿಗಿಲ್ಲ. ನನಗೆ ಸುಮ್ಮನೆ ಕೂರುವ ಎದೆಗಾರಿಕೆಯೂ ಅಲ್ಲಿರುತ್ತಿರಲಿಲ್ಲ.

ಗುಂಪಿನಲ್ಲಿ ಉತ್ತರ ಬರೆಯಲು ಮೂರು ಸಲ ತೊಡಗಿ ಮೂರು ಸಲವೂ ಅಳಿಸಿದೆ. ಕೊನೆಗೆ ಬಸ್ಸು ಹಿಡಿದು ಮುಂಡಾಜೆಯ ಅವನ ಮನೆಗೇ ಹೋದೆ. ಬೆಲ್ಲ, ನೀರು ಬಂತು. "ನೀನು ಕಳುಹಿಸಿದ್ದನ್ನು ಒಮ್ಮೆ ಗಟ್ಟಿಯಾಗಿ ಓದು ಮಾರಾಯ" ಎಂದೆ. ಮೂರು ಸಾಲು ಓದಿ ಕನ್ನಡಕ ತೆಗೆದ. ಬರೆದವರಾರು ಎಂದು ಕೇಳಿದೆ, ತಿಳಿಯದು ಎಂದ. ಹಾಗೆಂದು ಅವನು ಸೋಲೊಪ್ಪಿದನೆಂದಲ್ಲ. ಕತ್ತಲಾಗುವವರೆಗೆ ವಾದಿಸಿದ, ನನ್ನನ್ನು ಹೆದರುಪುಕ್ಕಲ ಎಂದ. ಎಷ್ಟೋ ದಿನ ಬಾಯಿ ಮುಚ್ಚಿ ಕುಳಿತವನಿಗೆ ಅದನ್ನು ಅಲ್ಲಗಳೆಯಲಾಗಲಿಲ್ಲ. ಬಿಟ್ಟುಹೋದ ಮೂವರಿಗೆ ನಾನಿನ್ನೂ ಮುಖ ತೋರಿಸಿಲ್ಲ. ಅವರಲ್ಲೊಬ್ಬ ಉಜಿರೆಯಲ್ಲಿದ್ದಾನೆ, ಅವನಲ್ಲಿಗೆ ಹೋಗುವುದಿದೆ. ಬರುವ ಆದಿತ್ಯವಾರ ಮುಂಡಾಜೆಯವನು ಕಕ್ಕಿಂಜೆಗೆ ಬರುತ್ತೇನೆಂದಿದ್ದಾನೆ. ವಾದ ಇನ್ನೂ ಮುಗಿದಿಲ್ಲ. ಬೆಂಚಿನಲ್ಲಿ ಕುಳಿತೇ ಮುಂದುವರಿಸೋಣವೆಂದು ಹೇಳಿ ಬಂದಿದ್ದೇನೆ.