ಅಭಿಮಾನ ಸಾಲದು, ಆಧಾರ ಬೇಕು



ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ನಮ್ಮ ಹುಡುಗರು ಹುಮ್ಮಸ್ಸಿನಿಂದ ಬರೆಯುತ್ತಾರೆ. ಮರುದಿನ ನೋಡಿದರೆ ಲೇಖನ ಮಾಯ! 'ಕನ್ನಡದಲ್ಲೇ ಕನ್ನಡಿಗನಿಗೆ ಜಾಗವಿಲ್ಲವೇ?' ಎಂದು ಸಿಟ್ಟಾಗಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಸಿಟ್ಟು ಬಿಡಿ, ಕಾರಣ ಕೇಳಿ. ಪತ್ರಿಕೆಯಿಂದ, ಪುಸ್ತಕದಿಂದ ಹಾಗೇ ಎತ್ತಿ ಹಾಕಿದರೆ ಅದು ಕಳವು. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಓದಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಎಲ್ಲಿ ಓದಿದಿರೆಂದು ಉಲ್ಲೇಖ ಕೊಡಿ. ರಾಜ್‌ಕುಮಾರ್ ಮೇಲೆ ಅಭಿಮಾನ ನನಗೂ ಇದೆ. ಆದರೆ ಅಲ್ಲಿ 'ಕನ್ನಡಿಗರ ಕಣ್ಮಣಿ' ಎಂದರೆ ನಿಲ್ಲದು. '1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ' ಎಂದು ಆಧಾರ ಸಮೇತ ಬರೆದರೆ ನಿಲ್ಲುತ್ತದೆ.

ಮೊದಲು ಪ್ರಯೋಗಪುಟದಲ್ಲಿ ಕೈ ಪಳಗಿಸಿಕೊಳ್ಳಿ. ತಕರಾರಿದ್ದರೆ ಲೇಖನದ ಚರ್ಚೆಪುಟದಲ್ಲಿ ಮಾತಾಡಿ. ಎಲ್ಲರೂ ಸೇರುವ 'ಅರಳಿಕಟ್ಟೆ' ಎಂಬ ಪುಟವೂ ಅಲ್ಲಿದೆ, ಕೇಳಿ.

ಹಳಬರಿಗೂ ಒಂದು ಮಾತು. ನನ್ನ ಪ್ರೆಸ್ಸಿನಲ್ಲಿ ಮೊದಲ ಪ್ರೂಫ್ ತಪ್ಪಿಲ್ಲದೆ ಬಂದದ್ದೇ ಇಲ್ಲ. ತಪ್ಪು ತಿದ್ದಿದ್ದೇವೆ, ಹುಡುಗನನ್ನು ಓಡಿಸಿಲ್ಲ. ಅಳಿಸುವ ಮುನ್ನ ಎರಡು ಸಾಲು ಕಾರಣ ಬರೆಯಿರಿ. ಹೊಸಬನೊಬ್ಬ ಬೇಸತ್ತು ಹೋದರೆ ಅವನ ಊರಿನ ಕೆರೆ, ಗುಡಿ, ಜಾತ್ರೆಯ ಸಂಗತಿಯನ್ನು ಕನ್ನಡದಲ್ಲಿ ಬರೆಯುವವರು ಯಾರು?