ಅಳುವ ಹಾಡನ್ನೂ ಕಿತ್ತುಕೊಂಡಿರಿ

ಲಂಬಾಣಿ ತಾಂಡಾದ ಹುಡುಗನೊಬ್ಬ ಜೀವ ಕಳೆದುಕೊಂಡರೆ ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು: 'ಜೀವನದಲ್ಲಿ ಜಿಗುಪ್ಸೆಗೊಂಡು'. ಪ್ರಕರಣ ದಾಖಲಾಯಿತು, ಮುಗಿಯಿತು. ಆ ಜಿಗುಪ್ಸೆ ಹುಟ್ಟಿದ್ದೆಲ್ಲಿ ಎಂದು ಯಾರೂ ಕೇಳುವುದಿಲ್ಲ.

ಸಾಲ, ಕುಡಿತ, ಫೇಲಾದ ಪರೀಕ್ಷೆ, ಮುರಿದ ಪ್ರೀತಿ... ಒಂದು ಸಾವಿಗೆ ಒಂದೇ ಕಾರಣವಿರುವುದಿಲ್ಲ, ನಿಜ. ಆದರೆ ಕಷ್ಟ ನಮ್ಮ ಅಜ್ಜಂದಿರಿಗೂ ಇತ್ತು. ಹೇಳಿಕೊಳ್ಳಲು ಅವರಿಗೆ ಜನವಿತ್ತು, ಭಾಷೆಯಿತ್ತು. ಆಳುವವರೇ, ಅವೆರಡನ್ನೂ ನೀವು ಹಾಳುಗೆಡವಿದಿರಿ.

ನಮ್ಮ ಲಂಬಾಣಿ ಮದುವೆಯಲ್ಲಿ ತವರು ಬಿಡುವ ಹೆಣ್ಣು ಒಬ್ಬೊಬ್ಬರ ಕೊರಳು ತಬ್ಬಿ ಢಾವಲೋ ಹಾಡುತ್ತಾಳೆ. ಅದು ಹಾಡೂ ಹೌದು, ಅಳುವೂ ಹೌದು. ಮದುವೆಗೆ ಮುಂಚೆಯೇ ಹಿರಿಯ ಹೆಂಗಸರು ಆಕೆಯನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ದುಃಖವನ್ನು ನುಂಗಿಕೊಳ್ಳಬೇಡ, ಜನರ ನಡುವೆ ದನಿಯೆತ್ತಿ ಅಳು ಎಂಬ ಪಾಠ ಅದು. ಜಗಳವಾದರೆ ತಾಂಡಾದ ಹಿರಿಯರಾದ ನಾಯಕ, ಕಾರಬಾರಿ ಕೂತು ಬಗೆಹರಿಸುತ್ತಿದ್ದರು. ಅವರ ತೀರ್ಪೆಲ್ಲ ನ್ಯಾಯವಾಗಿತ್ತೆಂದು ನಾನು ಹೇಳಲಾರೆ. ಪ್ರೀತಿಸಿದವರನ್ನು ನೋಯಿಸಿದ್ದೂ ಉಂಟು. ಆದರೂ ಯಾರೂ ಒಬ್ಬಂಟಿಯಾಗಿರಲಿಲ್ಲ.

ಈಗ? ಬೆಳೆ ಕೈಕೊಟ್ಟರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯಿಂದ ಅಪ್ಪ-ಅವ್ವ ಗೋವಾಕ್ಕೆ, ಮಂಗಳೂರಿಗೆ ಗುಳೆ. ಮಕ್ಕಳು ಹಾಸ್ಟೆಲ್‌ಗೆ. ಲೆಂಗಿ ಹಾಡುವವರಿಲ್ಲದ ಹೋಳಿಯಲ್ಲಿ ಡಿಜೆ ಅರಚುತ್ತದೆ. ನಮ್ಮ ಲಂಬಾಣಿ ನುಡಿಯಾದ ಗೋರಬೋಲಿ ಮಾತಾಡುತ್ತ ಶಾಲೆಗೆ ಬಂದ ಕೂಸಿಗೆ ಮೊದಲ ದಿನವೇ ಗದರಿಕೆ. 2011ರ ಜನಗಣತಿಯಂತೂ 32 ಲಕ್ಷಕ್ಕೂ ಹೆಚ್ಚು ಲಂಬಾಣಿ ಭಾಷಿಕರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಂಡಿತು. ಹಿಂದಿಗೂ ಕಪ್ಪತಗುಡ್ಡದ ಸೆರಗಿನ ಡೋಣಿ ತಾಂಡಾದ ಅಜ್ಜಿಗೂ ಎತ್ತಣ ಸಂಬಂಧ?

ಭಾಷೆಗೂ ಬದುಕಿಗೂ ನಂಟಿದೆ ಎಂಬುದು ನನ್ನೊಬ್ಬನ ಮಾತಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಚಾಂಡ್ಲರ್ ಮತ್ತು ಲಲಾಂಡ್ ಎಂಬ ಸಂಶೋಧಕರು ಮೂಲನಿವಾಸಿ ಸಮುದಾಯಗಳನ್ನು ಅಧ್ಯಯನ ಮಾಡಿ 1998ರಲ್ಲೇ ಫಲಿತಾಂಶ ಪ್ರಕಟಿಸಿದರು. ನೆಲದ ಹಕ್ಕು, ಶಾಲೆ, ಆಡಳಿತ, ಆಚರಣೆ ತಮ್ಮ ಕೈಯಲ್ಲೇ ಇದ್ದ ಕಡೆ ಯುವಜನರ ಆತ್ಮಹತ್ಯೆ ತೀರಾ ಕಡಿಮೆ. ಕೆಲವೆಡೆ ಇಲ್ಲವೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನ ತಾಯ್ನುಡಿಯಾಡುವ ಕಡೆಯೂ ಹಾಗೆಯೇ ಎಂದು 2007ರಲ್ಲಿ ಮತ್ತೆ ತೋರಿಸಿದರು. ನಿಮಗೆ ಮಾತ್ರ ನಮ್ಮ ಸಂಸ್ಕೃತಿಯೆಂದರೆ ಮಂತ್ರಿ ಬಂದಾಗ ಕನ್ನಡಿ ಹೊಲಿದ ಲಂಗ ತೊಟ್ಟು ಕುಣಿಯುವುದು!

ಟೆಲಿ-ಮನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಪ್ರತಿ ತಾಂಡಾದ ಸೇವಾಲಾಲ್ ಗುಡಿಯ ಗೋಡೆಯ ಮೇಲಿರಲಿ. ಗೋರಬೋಲಿ ಬಲ್ಲ ಆಪ್ತಸಮಾಲೋಚಕರನ್ನು ನೇಮಿಸಿ. ತಾಂಡಾದ ಶಾಲೆಗೆ ತಾಂಡಾದಲ್ಲೇ ಓದಿದ ಹುಡುಗಿಯರನ್ನು ಶಿಕ್ಷಕಿಯರಾಗಿ ತನ್ನಿ. ಇದಕ್ಕೆಲ್ಲ ಹಣವಿಲ್ಲ ಅನ್ನುತ್ತೀರಾ? ಹಾಸ್ಟೆಲ್‌ನಲ್ಲಿ ಮಕ್ಕಳು ತಮ್ಮ ಭಾಷೆಯಾಡಿದರೆ ಗದರುವುದನ್ನಾದರೂ ನಾಳೆಯಿಂದಲೇ ನಿಲ್ಲಿಸಿ. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.